ಒಂದೇ ಪ್ರತಿ

ಹೋದ ವಾರ ಅಕ್ಕ ಫೋನಿನಲ್ಲಿ ಚೆನ್ನಾಗಿ ಬೈದಳು. ಬೈಸಿಕೊಳ್ಳಬೇಕಾದ್ದೇ ಬಿಡಿ.

ಇಲ್ಲಿ ಅಮೆರಿಕದಲ್ಲಿ ಹೋದ ವರ್ಷ ಎರಡು ದಿನದ ಒಂದು ಕ್ಲಾಸಿಗೆ ಸೇರಿದ್ದೆ. ಎನ್‌ಕಾಸ್ಟಿಕ್ ಮೊನೊಟೈಪ್ ಅಂತ. ಹೆಸರು ಕೇಳಿ ಹೆದರಬೇಡಿ. ಜೇನುಮೇಣಕ್ಕೆ ಬಣ್ಣ ಬೆರೆಸಿ ಮಾಡಿದ ಕಡ್ಡಿಗಳು, ಅಡಿಯಿಂದ ಬಿಸಿಯಾಗೋ ಅಲ್ಯೂಮಿನಿಯಂ ತಟ್ಟೆ, ತೆಳ್ಳನೆಯ ಜಪಾನೀ ಕೋಜೋ ಕಾಗದ, ಇಷ್ಟೇ ಸರಂಜಾಮು. ಬಿಸಿ ತಟ್ಟೆಯ ಮೇಲೆ ಕಡ್ಡಿಯಲ್ಲಿ ಬರೆದರೆ ಮೇಣ ಕರಗುತ್ತೆ. ಮೇಲೆ ಕಾಗದ ಹಾಸಿ, ಕೈಯಲ್ಲೇ ಮೆಲ್ಲಗೆ ಸವರಿ ಎತ್ತಿದರೆ ಚಿತ್ರ ಕಾಗದದೊಳಕ್ಕೇ ಇಳಿದಿರುತ್ತೆ.

ದೋಸೆ ಹುಯ್ದವರಿಗೆ ಇದು ಬೇಗ ಅರ್ಥವಾಗುತ್ತೆ. ಜೇನುಮೇಣ ಕರಗೋದು 62-64 ಡಿಗ್ರಿ ಸೆಲ್ಸಿಯಸ್‌ಗೆ. ಕಾವು ಸಾಲದಿದ್ದರೆ ಬಣ್ಣ ಕಾಗದಕ್ಕೆ ಹಿಡಿಯಲ್ಲ, ಹೆಚ್ಚಾದರೆ ಗೆರೆಗಳೆಲ್ಲ ಕಲಸಿ ರಾಡಿ. ಇನ್ನೂ ಹೆಚ್ಚಿದರೆ ಹೊಗೆ, ಕೆಮ್ಮು! ಮೊದಲ ದೋಸೆಯಂತೆ ಮೊದಲ ಪ್ರಿಂಟೂ ಕಸದ ಬುಟ್ಟಿಗೆ.

(ಬೇಸಿಗೆಗೆ ಕರಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಗೋಡೆ ಮೇಲಿದ್ದರೆ ಇಲ್ಲ. ಈಜಿಪ್ಟಿನ ಫಯೂಮ್‌ನಲ್ಲಿ ಮಮ್ಮಿಗಳ ಮೇಲೆ ಕಟ್ಟಿದ್ದ ಮೇಣದ ಭಾವಚಿತ್ರಗಳು ಹದಿನೇಳು ಹದಿನೆಂಟು ಶತಮಾನ ಕಳೆದರೂ ಉಳಿದಿವೆ.)

ಊರಿಗೆ ಹೋದಾಗ ಅಮ್ಮನಿಗೆ ಒಂದು ಕೊಟ್ಟೆ. ಅಕ್ಕನಿಗೆ ಅದೇ ಬೇಕಂತೆ. "ಪ್ರಿಂಟ್ ತಾನೇ, ಇನ್ನೊಂದು ತೆಗಿಯೋ" ಅಂದಳು. ತಪ್ಪು ಅವಳದ್ದಲ್ಲ, ಆ ಪದದ್ದು. ಲಿನೋಕಟ್ ಆದರೆ ಅಚ್ಚು ಉಳಿದಿರುತ್ತೆ, ಐವತ್ತು ಪ್ರತಿ ತೆಗೀಬಹುದು. ಇಲ್ಲಿ ಕಾಗದ ಎತ್ತಿದ ಮೇಲೆ ತಟ್ಟೆಯಲ್ಲಿ ಉಳಿಯೋದು ಮಸುಕು ಕಲೆ. ಅದರಿಂದ ತೆಗೆದ ಎರಡನೇ ಪ್ರತಿಗೆ ಇಲ್ಲಿನವರು ದೆವ್ವ ಅಂತಲೇ ಕರೀತಾರೆ!

ನಾಲ್ಕು ಸಂಜೆ ಒದ್ದಾಡಿದೆ. ಬರಲಿಲ್ಲ. ಕೊನೆಗೆ, ದಿನವಿಡೀ ಕಾಪಿ-ಪೇಸ್ಟ್ ಮಾಡೋ ನಮ್ಮ ಜಾತಿಯ ಬುದ್ಧಿ ನೋಡಿ, ಮುಂಚೆ ಸ್ಕ್ಯಾನ್ ಮಾಡಿಟ್ಟಿದ್ದನ್ನು ಒಳ್ಳೇ ಕಾಗದಕ್ಕೆ ಇಂಕ್‌ಜೆಟ್‌ನಲ್ಲಿ ಹಾಕಿಸಿ ಕಳಿಸಿದೆ. ಏನೂ ಹೇಳಲಿಲ್ಲ.

ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಾಳೆ. "ಅಮ್ಮನ ಮನೇದು ಎಣ್ಣೆ ಕಾಗದದ ಥರ ಬೆಳಕು ಬಿಡುತ್ತೆ ಕಣೋ. ಇದು ಬರೀ ಕಾಗದ. ನನಗೆ ಇದೇ ಸಾಕು ಅಂದ್ಕೊಂಡ್ಯಾ?"

ಸ್ಕ್ಯಾನರಿಗೆ ಕಂಡಿದ್ದು ಬಣ್ಣ ಮಾತ್ರ, ಮೇಣ ಕುಡಿದ ಕಾಗದ ಅಲ್ಲ. ಆನ್‌ಲೈನ್‌ನಲ್ಲಿ ಇಂಥ ಸ್ಕ್ಯಾನುಗಳಿಗೆ '1/100' ಅಂತ ನಂಬರ್ ಬರೆದು ಮಾರೋದಕ್ಕೆ ನನ್ನ ತಕರಾರಿಲ್ಲ. ಆದರೆ ಮೊನೊಟೈಪ್ ಅಂತ ಕರೀಬೇಡಿ; ಫೋಟೋ ಅನ್ನಿ, ಪೋಸ್ಟರ್ ಅನ್ನಿ. ಅದನ್ನೇ ಮಾಡಿ ಸಿಕ್ಕಿಬಿದ್ದವನು ಹೇಳ್ತಿದ್ದೀನಿ.

ಈ ಶನಿವಾರ ತಟ್ಟೆ ಬಿಸಿಗಿಡ್ತೀನಿ. ಅಮ್ಮನದರಂತೆ ಇರಲ್ಲ ಅಂತ ಅಕ್ಕನಿಗೆ ಮೊದಲೇ ಹೇಳಿದೀನಿ. ನೀಲಿ ಜಾಸ್ತಿ ಹಾಕಬೇಕಂತೆ.