ಹಳೆಯ ಕಂಪ್ಯೂಟರ್ ಆಟಗಳು: ಆಡುವವರಿದ್ದಾರೆ, ಕಾಪಿಡುವವರಾರು?

ಹಾವೇರಿ: ಕಂಪ್ಯೂಟರ್ ಆಟವೆಂದರೆ ಹಣ ಕಳೆದುಕೊಳ್ಳುವ ದಾರಿ ಎಂಬ ಆತಂಕ ಪಾಲಕರಲ್ಲಿ ಇಂದು ಬೇರೂರಿದೆ. ಅದಕ್ಕೆ ಕಾರಣವೂ ಇದೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಪ್ರಮುಖ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಂತಹ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಈ ಗದ್ದಲದಲ್ಲಿ, ಹಣವನ್ನೂ ಇಂಟರ್‌ನೆಟ್ಟನ್ನೂ ಬೇಡದ ಹಳೆಯ ಆಟಗಳು ಮಾತ್ರ ಮರೆಗೆ ಸರಿದಿವೆ.

ಒಂದೇ ರೈಲು ಮಾರ್ಗದ ಮೇಲಿರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಈಗ ಮೂವತ್ತು, ನಲವತ್ತರ ವಯಸ್ಸಿನಲ್ಲಿರುವ ಅನೇಕರಿಗೆ 1989ರ 'ಪ್ರಿನ್ಸ್ ಆಫ್ ಪರ್ಷಿಯಾ', 1993ರ 'ಡೂಮ್' ಪರಿಚಯವಾದದ್ದು ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ. ಯಂತ್ರ ಒಂದು, ಕೀಲಿ ಒತ್ತುವವನೊಬ್ಬ, ಬೆನ್ನ ಹಿಂದೆ ನಿಂತು ದಾರಿ ಹೇಳುವವರು ನಾಲ್ವರು. ಅರ್ಧ ಸಂತೋಷ ಆ ಜೊತೆಯಲ್ಲೇ ಇತ್ತು. 2002ರಲ್ಲಿ ಬಂದ 'ಡಾಸ್‌ಬಾಕ್ಸ್' ಎಂಬ ಉಚಿತ ತಂತ್ರಾಂಶದ ನೆರವಿನಿಂದ ಅದೇ ಆಟಗಳನ್ನು ಇಂದಿನ ಸಾಧಾರಣ ಕಂಪ್ಯೂಟರಿನಲ್ಲೂ ಗೆಳೆಯರೊಡನೆ ಕುಳಿತು ಆಡಬಹುದಾಗಿದೆ.

ತೊಡಕಿರುವುದು ಸಂರಕ್ಷಣೆಯಲ್ಲಿ. 1.44 ಎಂಬಿ ಸಾಮರ್ಥ್ಯದ ಫ್ಲಾಪಿಗಳ ಕಾಂತೀಯ ಲೇಪ ವರ್ಷಗಳುರುಳಿದಂತೆ ಕ್ಷೀಣಿಸುತ್ತದೆ. 'ಪ್ರಿನ್ಸ್ ಆಫ್ ಪರ್ಷಿಯಾ' ನಿರ್ಮಾತೃ ಜೋರ್ಡನ್ ಮೆಕ್ನರ್ ಅವರ ಸೋರ್ಸ್ ಕೋಡ್ ಇದ್ದ ಡಿಸ್ಕ್‌ಗಳೇ ಎರಡು ದಶಕ ಕಾಣೆಯಾಗಿದ್ದು, 2012ರಲ್ಲಿ ಅವರ ತಂದೆಯ ಮನೆಯಲ್ಲಿ ಪತ್ತೆಯಾದವು. ಅಮೆರಿಕದಲ್ಲಿ 2010ಕ್ಕಿಂತ ಮುಂಚೆ ಬಿಡುಗಡೆಯಾದ ಆಟಗಳ ಪೈಕಿ ಶೇ 87ರಷ್ಟು ಮಾರುಕಟ್ಟೆಯಲ್ಲಿ ಲಭ್ಯವಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತಿಳಿಸಿತು.

ನಮ್ಮ ಕಾನೂನು ಏನನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದು 'ಸಾಹಿತ್ಯ ಕೃತಿ'. ಕರ್ತೃವಿನ ನಿಧನಾನಂತರ 60 ವರ್ಷಗಳವರೆಗೆ ಅದಕ್ಕೆ ರಕ್ಷಣೆಯಿದೆ. ಮೂಲಪ್ರತಿಯನ್ನು ನ್ಯಾಯಬದ್ಧವಾಗಿ ಹೊಂದಿರುವವರು ಅದು ನಾಶವಾಗುವ ಭಯದಿಂದ ನಕಲು ಮಾಡಿಟ್ಟುಕೊಳ್ಳಬಹುದು. ಆದರೆ ಗ್ರಂಥಾಲಯಗಳಿಗೆ 2012ರ ತಿದ್ದುಪಡಿ ನೀಡಿದ ವಿನಾಯಿತಿ ಬೇರೆ ಬಗೆಯದು. ತನ್ನಲ್ಲಿ ಡಿಜಿಟಲ್ ಅಲ್ಲದ ಪ್ರತಿಯಿದ್ದರೆ ಮಾತ್ರ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಕಾಪಿಡಬಹುದು. ಫ್ಲಾಪಿಯಲ್ಲೇ ಹುಟ್ಟಿದ ಆಟಕ್ಕೆ ಅಂತಹ ಪ್ರತಿ ಎಲ್ಲಿಂದ ಬರಬೇಕು? ಪುಸ್ತಕಕ್ಕೆ ದೊರೆತ ಆಸರೆ, ಕಾನೂನೇ 'ಸಾಹಿತ್ಯ'ವೆಂದು ಕರೆದ ಆಟಕ್ಕೆ ದೊರೆತಿಲ್ಲ ಎಂಬುದು ಗಮನಾರ್ಹ.

ಈ ಒಂದು ಷರತ್ತನ್ನು ಸಡಿಲಿಸಿದರೆ ಸಾಕು, ಜಿಲ್ಲೆಯ ಗ್ರಂಥಾಲಯಗಳು ಹಳೆಯ ಆಟಗಳನ್ನು ಉಳಿಸಿ, ಆಸಕ್ತರು ಒಟ್ಟಾಗಿ ಆಡಲು ಜಾಗ ಒದಗಿಸಬಹುದು. ಪಣವಿಲ್ಲದ ಆಟ ಹೇಗಿರುತ್ತದೆಂದು ಮಕ್ಕಳಿಗೂ ತಿಳಿದೀತು. ಮೆಣಸಿನಕಾಯಿಯ ಬಣ್ಣ ಮಾಸದಿರಲೆಂದು ಬ್ಯಾಡಗಿಯಲ್ಲಿ ಶೀತಲಗೃಹಗಳನ್ನು ಕಟ್ಟಿಕೊಂಡ ಜಿಲ್ಲೆಗೆ ಕಾಪಿಡುವುದರ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ಕಾನೂನು ಬದಲಾಗುವವರೆಗೆ, ಅಟ್ಟದ ಮೇಲೆ ಮೂಲ ಫ್ಲಾಪಿ ಇಟ್ಟುಕೊಂಡವರು ಇಂದೇ ಅದರ ನಕಲು ಮಾಡಿಟ್ಟುಕೊಳ್ಳುವುದು ಒಳಿತು.