ಸ್ತನ ಕ್ಯಾನ್ಸರ್: ‘ಐದು ವರ್ಷ ಆಯ್ತು, ಇನ್ನು ಭಯ ಇಲ್ಲ’ ಅನ್ನೋದು ಎಲ್ಲರಿಗೂ ಅಲ್ಲ

ಆಪರೇಷನ್ ಆಗಿ ಐದು ವರ್ಷ ಕಳೆದರೆ ಸ್ತನ ಕ್ಯಾನ್ಸರ್ ಮತ್ತೆ ಬರಲ್ಲ ಅನ್ನೋ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ಇದು ಅರ್ಧ ಸತ್ಯ. ಗಡ್ಡೆ ಯಾವ ಬಗೆಯದು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ.

‘ಟ್ರಿಪಲ್ ನೆಗೆಟಿವ್’ ಬಗೆಯಲ್ಲಿ ಮೊದಲ ಮೂರು ವರ್ಷವೇ ಹೆಚ್ಚು ಅಪಾಯ. ಐದು ವರ್ಷ ದಾಟಿದರೆ ಅದು ಬಹಳ ಇಳಿಯುತ್ತದೆ. ‘ಹರ್-2 ಪಾಸಿಟಿವ್’ ಬಗೆಯೂ ಹಿಂದೆ ಬೇಗ ಮರುಕಳಿಸುತ್ತಿತ್ತು; ಟ್ರಾಸ್ಟುಜುಮಾಬ್ ಇಂಜೆಕ್ಷನ್ ಬಂದ ಮೇಲೆ ಅದು ಗಣನೀಯವಾಗಿ ತಗ್ಗಿದೆ. ಸಾಮಾನ್ಯವಾಗಿ ಒಂದು ವರ್ಷದ ಈ ಕೋರ್ಸ್ ಮಧ್ಯದಲ್ಲಿ ಬಿಡುವಂತಿಲ್ಲ.

ಹೆಚ್ಚು ಜನರಲ್ಲಿ ಕಾಣುವ ‘ಹಾರ್ಮೋನ್ ಪಾಸಿಟಿವ್’ ಬಗೆ ಮಾತ್ರ ನಿಧಾನದ್ದು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಐದು ವರ್ಷ ಮಾತ್ರೆ ಮುಗಿಸಿದವರಿಗೂ ಮುಂದಿನ 15 ವರ್ಷಗಳಲ್ಲಿ ರೋಗ ಬೇರೆ ಅಂಗಕ್ಕೆ ಹರಡುವ ಸಾಧ್ಯತೆ ಶೇ 10ರಿಂದ 41ರಷ್ಟಿತ್ತು. ಮೊದಲು ಗಡ್ಡೆ ಎಷ್ಟು ದೊಡ್ಡದಿತ್ತು, ಕಂಕುಳ ಗ್ರಂಥಿಗಳಿಗೆ ಹಬ್ಬಿತ್ತೇ ಎಂಬುದೇ ಈ ಅಂತರಕ್ಕೆ ಮುಖ್ಯ ಕಾರಣ.

ಹಾಗಾಗಿ ‘ಈಗ ಆರಾಮಿದ್ದೀನಲ್ಲ’ ಅಂತ ಟ್ಯಾಮಾಕ್ಸಿಫೆನ್ ಮಾತ್ರೆ ನಿಲ್ಲಿಸಬೇಡಿ. ತೊಂದರೆ ಆಗ್ತಿದ್ರೆ ಡಾಕ್ಟರಿಗೆ ಹೇಳಿ. ಬೇರೆ ಮಾತ್ರೆಗಳೂ ಇವೆ. ಇಆರ್, ಪಿಆರ್, ಹರ್-2 ಎಂದು ಬರೆದಿರುವ ರಿಪೋರ್ಟನ್ನು ಮನೆಪತ್ರದಷ್ಟೇ ಜೋಪಾನವಾಗಿಡಿ. ಎಷ್ಟು ವರ್ಷ ಎಚ್ಚರದಿಂದಿರಬೇಕು ಅನ್ನೋದು ಅದರಿಂದಲೇ ಗೊತ್ತಾಗೋದು.