ಉಯ್ಯಾಲೆಯಿಂದ ಬಂದ ಕರೆ

ನೋಯ್ಡಾದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಮಕ್ಕಳು ಉಯ್ಯಾಲೆಯಾಡುತ್ತಿದ್ದರೆ, ನಾವು ಕಲ್ಲುಬೆಂಚಿನ ಮೇಲೆ ಮೊಬೈಲಿನಲ್ಲಿ ಮುಳುಗಿರುತ್ತೇವೆ. ಓದುತ್ತಿರುವುದು ಬಹುಮಟ್ಟಿಗೆ ಕನ್ನಡವೇ: ಊರಿನ ಸುದ್ದಿ, ವಾಟ್ಸಾಪ್ ಬಳಗದ ಹರಟೆ, ನಮ್ಮ ನುಡಿಯ ಅಳಿವು-ಉಳಿವಿನ ಚರ್ಚೆ. 'ಅಮ್ಮಾ, ಇಲ್ಲಿ ನೋಡು' ಎಂಬ ಕರೆಗೆ ತಲೆಯೆತ್ತದೆಯೇ 'ಹೂಂ' ಎನ್ನುತ್ತೇವೆ. ಮೂರನೆಯ ಬಾರಿಗೆ ಮಗು ನಮ್ಮನ್ನು ಬಿಟ್ಟು ಪಕ್ಕದ ಗೆಳೆಯನಿಗೆ 'ದೇಖೋ' ಎನ್ನುತ್ತದೆ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ತಾಯಂದಿರನ್ನು ತಮ್ಮ ಕೂಸಿನೆದುರು ಕೆಲವು ನಿಮಿಷ ನಿರ್ಭಾವ ಮುಖದಿಂದ ಕೂರಿಸಿದರು. ಕೂಸುಗಳು ಮೊದಲು ನಕ್ಕವು, ಕೈಚಾಚಿದವು, ಕೊನೆಗೆ ಮುಖ ತಿರುಗಿಸಿದವು. ಅಂದು ಪ್ರಯೋಗಕ್ಕೆಂದು ತೊಟ್ಟ ಆ ಮುಖವನ್ನು ನಾವಿಂದು ದಿನವೂ ತೊಡುತ್ತಿದ್ದೇವೆ.

ಊರಿನಲ್ಲಾದರೆ ಅಜ್ಜಿ, ನೆರೆಯವರು, ಅಂಗಡಿಯವರು ಒಂದೆರಡು ಮಾತು ಕಲಿಸಿಯಾರು (ಬೆಂಗಳೂರಿನ ಮಟ್ಟಿಗೆ ಅದೂ ಈಗ ಸಂದೇಹವೇ). ಇಲ್ಲಿ ಕನ್ನಡ ಬರಬೇಕಾದದ್ದು ನಮ್ಮ ಬಾಯಿಂದ. ಕಚೇರಿ, ಮೆಟ್ರೊ ಕಳೆದು ಉಳಿದ ಅರ್ಧ ಗಂಟೆಯೂ ಮೊಬೈಲಿಗೆ ಸಂದರೆ 'ಜೀಕು', 'ಜಾರು', 'ಮೆಲ್ಲಗೆ' ಎಂಬ ಮಾತುಗಳನ್ನು ಮಗು ಎಲ್ಲಿ ಕೇಳಬೇಕು? ವಾರದ ಕನ್ನಡ ತರಗತಿ ಅಕ್ಷರ ಕಲಿಸೀತು. ಬಿದ್ದಾಗ 'ಪೆಟ್ಟಾಯಿತೇ ಕಂದ' ಎಂದು ಮೈದಡವುವುದು ಅದರ ಕೆಲಸವಲ್ಲ.

ದಣಿವು ನಿಜ, ಹೊತ್ತಲ್ಲದ ಹೊತ್ತಿನ ಕಚೇರಿಯ ಕರೆಗಳೂ ನಿಜ. ಆದರೂ ಉದ್ಯಾನಕ್ಕೆ ಬರುವಾಗ ಮೊಬೈಲನ್ನು ಮನೆಯಲ್ಲೇ ಬಿಟ್ಟು ಬರೋಣ. ನುಡಿಯ ಅಳಿವಿನ ಚರ್ಚೆಯನ್ನು ಮಕ್ಕಳು ಮಲಗಿದ ಮೇಲೆ ಓದಬಹುದು.